ತೋರುಬೆರಳಿಲ್ಲದ ಕೈಗೆ ಮಾಡಿಸಿದ ಪಿಸ್ತೂಲು

ನಿಪ್ಪಾಣಿಯ ಬಂದೂಕಿನ ಅಂಗಡಿಯಲ್ಲಿ ನಾನು ಬಿಟ್ಟುಬಂದ ಕುರ್ಚಿಗೆ ಈಗ ಹೊಸಬ ಬಂದಿದ್ದಾನೆ. ಓದಿದವ, ಚುರುಕಿನವ. ಮೊನ್ನೆ ಫೋನು ಮಾಡಿ, ಕಂಪನಿಯ ಮಾಲು ಬಂದರೆ ಹೇಗೋ ಬೆಲೆ ಹೇಳಬಲ್ಲೆ, ಆದರೆ ಯಾರೋ ಒಬ್ಬರು ತಮ್ಮ ಕೈಗೆ ಅಂತಲೇ ಹೇಳಿ ಮಾಡಿಸಿಕೊಂಡ ಪಿಸ್ತೂಲು ಬಂದರೆ ಹೇಗೆ ನೋಡಬೇಕು ಎಂದು ಕೇಳಿದ. ಅದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ಮಂಗಸೂಳಿ ಹಾದಿಯ ಆ ವಾಡೆಯ, ಅಂದರೆ ಗೌಡಕಿಯ ದೊಡ್ಡ ಮನೆಯ, ಸಂಗತಿ ಬಿಟ್ಟು ಈ ಕೆಲಸದ ಬಗ್ಗೆ ಏನು ಬರೆದರೂ ಅರ್ಧ ಬರೆದಂತೆ. ಅದಕ್ಕೆ ಬರುತ್ತೇನೆ. ಮೊದಲು ಕೆಲಸದ ಮಾತು.

ನಾನು ಅಲಖನೂರಿನವ. ಚಿಕ್ಕವನಿದ್ದಾಗ ಗಾಣಕ್ಕೆ ಕಬ್ಬು ಕೊಡಲು ಹೋಗಿ ಬಲಗೈಯ ತೋರುಬೆರಳನ್ನೂ ಅದಕ್ಕೇ ಕೊಟ್ಟು ಬಂದೆ. ಬುಡದಲ್ಲಿ ಒಂದು ಗಂಟು ಉಳಿದಿದೆ, ಅಷ್ಟೇ. ಶಾಲೆಯಲ್ಲಿ ಪೆನ್ನು ಹಿಡಿಯುವುದನ್ನು ನಡುಬೆರಳಿಗೆ ಕಲಿಸಿದೆ. ಹೆಣ್ಣು ನೋಡಲು ಹೋಗುವ ವಯಸ್ಸಿಗೆ ಕೈಯನ್ನು ಜೇಬಿನಲ್ಲಿ ಇಡುವುದನ್ನು ಕಲಿತೆ, ಆ ಅಭ್ಯಾಸ ಆಮೇಲೂ ಹೋಗಲಿಲ್ಲ. ಇಂಥ ಕೈಯವನನ್ನು ಬಂದೂಕಿನ ಅಂಗಡಿಗೆ ಯಾಕೆ ಸೇರಿಸಿಕೊಂಡಿರಿ ಎಂದು ಎಷ್ಟೋ ಜನ ನಮ್ಮ ಮಾಲಕರನ್ನು ಕೇಳಿದ್ದಾರೆ. ಮಾಲಕರ ಹೆಸರು ಬಾಬುರಾವ್. ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಮಾಡುವ ಮನುಷ್ಯ. ಅವರ ಉತ್ತರ ಯಾವಾಗಲೂ ಒಂದೇ.

"ಯಾವ ಬಂದೂಕೂ ಇವನ ಕೈಗೆ ಸರಿಯಾಗಿ ಕೂಡ್ರೂದಿಲ್ಲ. ಅದಕ್ಕ ಇವಗ ಯಾವುದರ ಮ್ಯಾಲೂ ಆಸೆ ಹುಟ್ಟೂದಿಲ್ಲ. ಆಸೆ ಇಲ್ಲದಾವನೇ ಬೆಲೆ ಕಟ್ಟಬೇಕು."

ನನಗೆ ಆಗ ಇದು ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ. ಆದರೆ ಮಾತು ನಿಜವಿತ್ತು. ಎಂಥೆಂಥ ಮಾಲು ನನ್ನ ಮೇಜಿನ ಮೇಲೆ ಬಂದು ಹೋಯಿತು, ಒಂದೂ ನನ್ನದಾಗಲಿ ಅನಿಸಲಿಲ್ಲ. ಬಂಗಾರದ ಅಂಗಡಿಯ ಕಾವಲುಗಾರನಂತೆ ನೋಡುತ್ತ ಕೂತೆ.

ಬಂದೂಕಿನ ಅಂಗಡಿಯಲ್ಲಿ ಮಾರಾಟ ಕಡಿಮೆ, ಕಾಯುವುದು ಜಾಸ್ತಿ. ಲೈಸೆನ್ಸುದಾರ ತೀರಿಕೊಂಡರೆ ಅವನ ಬಂದೂಕನ್ನು ಠಾಣೆಯಲ್ಲಿ ಇಲ್ಲವೇ ನಮ್ಮಂಥ ಅಂಗಡಿಯಲ್ಲಿ ಇಡಬೇಕು. ಮಗ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲ ಮಾರಬೇಕು, ಅದೂ ಇಲ್ಲವೆಂದರೆ ಸರಕಾರಕ್ಕೆ ಒಪ್ಪಿಸಬೇಕು. ಅದನ್ನು ನಿರ್ಧರಿಸುವ ಮೊದಲು ಎಲ್ಲರೂ ಬೆಲೆ ಕೇಳುತ್ತಾರೆ. ಚುನಾವಣೆ ಬಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಬೆಳೆ ಕಾಯುವ ಬಂದೂಕುಗಳೆಲ್ಲ ಸರಕಾರದ ಆದೇಶದಂತೆ ಒಮ್ಮೆಲೇ ಬಂದು ನಮ್ಮ ಕೋಣೆಯಲ್ಲಿ ನಿಲ್ಲುತ್ತವೆ. ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹೆಣ್ಣುಮಕ್ಕಳು ನೆರೆಮನೆಯ ಡಬ್ಬಿಯನ್ನು ಬರಿದು ಮರಳಿಸುವುದಿಲ್ಲ, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡುತ್ತಾರೆ. ಅದೇ ಕೈಯಿಂದ ಬಂದೂಕಿನ ಚೀಲದಲ್ಲಿ ಹಿಡಿ ಜೋಳ ಹಾಕಿ ಕಳಿಸುತ್ತಾರೆ. ಒಮ್ಮೆ ಒಂದು ನಳಿಗೆಯೊಳಗಿಂದ ಅಡಿಕೆ ಉರುಳಿ ಬಿತ್ತು. ಮನೆಯ ಯಜಮಾನ ನಾಚಿಕೊಂಡು, ನಮ್ಮಾಕಿ ಹಾಕ್ಯಾಳ್ರಿ ಎಂದ. ನಾವು ನಕ್ಕು ಅಡಿಕೆಯನ್ನು ಅವನ ಕೈಯಲ್ಲೇ ಇಟ್ಟೆವು.

ಪಿಸ್ತೂಲು ನೋಡುವ ಕ್ರಮ ಹೀಗೆ. ಯಾರೇ ಕೊಟ್ಟರೂ, ಏನೇ ಹೇಳಿ ಕೊಟ್ಟರೂ, ಮೊದಲು ತೆರೆಯುವುದು. "ಖಾಲಿ ಐತ್ರಿ" ಎನ್ನುವುದು ನಮ್ಮಲ್ಲಿ "ಊಟ ಆತ್ರಿ" ಎಂದಷ್ಟೇ ಸುಲಭವಾಗಿ ಬಾಯಿಗೆ ಬರುವ ಮಾತು, ಅದನ್ನು ನಂಬಬಾರದು. ಆಮೇಲೆ ಮೂಸಿ ನೋಡುವುದು. ಮದ್ದಿನ ವಾಸನೆ, ಹಳೆ ಎಣ್ಣೆಯ ವಾಸನೆ, ಟ್ರಂಕಿನ ನುಸಿಗುಳಿಗೆಯ ವಾಸನೆ, ಒಂದೊಂದೂ ಒಂದೊಂದು ಹೇಳುತ್ತದೆ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗಿನ ಸುರುಳಿ ಸವೆದಿದೆಯೇ ನೋಡುವುದು. ಟ್ರಿಗರು ಒತ್ತಿದಾಗ ಗುಂಡಿನ ಹಿಂಬದಿಗೆ ಬಡಿಯುವ ಸುತ್ತಿಗೆಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ, ಅದನ್ನು ಮೆಲ್ಲಗೆ ಎಳೆದು ಕಿವಿ ಕೊಡುವುದು. ಒಳ್ಳೆಯ ಕೆಲಸಗಾರ ಕೂರಿಸಿದ ಕುದುರೆ ಒಂದೇ ಸ್ವರದಲ್ಲಿ ನಿಲ್ಲುತ್ತದೆ. ಇವೆಲ್ಲ ಕಂಪನಿಯ ಮಾಲಿಗೂ ಉಂಟು. ಹೇಳಿ ಮಾಡಿಸಿದ್ದಕ್ಕೆ ಮಾತ್ರ ಇನ್ನೊಂದಿದೆ. ಕಣ್ಣು ಮುಚ್ಚಿ ಹಿಡಿ ಹಿಡಿಯಬೇಕು.

ಹಿಡಿ ಎಂದರೆ ಪಿಸ್ತೂಲಿನ ಕಟ್ಟಿಗೆಯ ಭಾಗ. ಮಾಡಿಸಿದವನ ಅಂಗೈಯ ಅಳತೆ ತೆಗೆದು ಕಡೆದಿರುತ್ತಾರೆ. ಅವನ ಬೆರಳು ಎಲ್ಲಿ ದಪ್ಪ, ಅಂಗೈ ಎಲ್ಲಿ ತಗ್ಗು, ಎಲ್ಲವೂ ಅದರಲ್ಲಿ ಕೂತಿರುತ್ತದೆ. ಕಣ್ಣು ಮುಚ್ಚಿ ಅದನ್ನು ಹಿಡಿದರೆ ಸತ್ತವನೊಬ್ಬನ ಕೈ ಕುಲುಕಿದಂತೆ ಆಗುತ್ತದೆ. ಮೊದಮೊದಲು ನನಗೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ರೂಢಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ರಾಯಬಾಗ ಕಡೆಯ ಒಂದು ಮನೆಯವರು ಅಜ್ಜನ ಪಿಸ್ತೂಲು ತಂದಿದ್ದರು. ಅಜ್ಜ ಅದನ್ನು ಟ್ರಂಕಿನಿಂದ ಹೊರಗೆ ತೆಗೆದವರೇ ಅಲ್ಲ, ಹೊಸದಕ್ಕೆ ಹೊಸದು ಎಂದು ಮನೆಯವರು ಒತ್ತಿ ಹೇಳಿದರು. ನಳಿಗೆ ನೋಡಿದರೆ ನಿಜವಾಗಿ ಹೊಸದು, ಗುಂಡು ಹಾರಿಸಿದ್ದೇ ಇಲ್ಲ. ಆದರೆ ಹಿಡಿಯ ಮೇಲೆ ಹೆಬ್ಬೆರಳು ಕೂರುವ ಜಾಗ ಸವೆದು ತಗ್ಗು ಬಿದ್ದಿತ್ತು. ಕುದುರೆಯ ತಲೆ ನುಣ್ಣಗಾಗಿತ್ತು. ಒಬ್ಬ ಮನುಷ್ಯ ವರ್ಷಗಟ್ಟಲೆ ಅದನ್ನು ಹಿಡಿದು ಒಬ್ಬನೇ ಕೂತು, ಕುದುರೆ ಎಳೆದು, ಮತ್ತೆ ಮೆಲ್ಲಗೆ ಇಳಿಸಿದ್ದಾನೆ. ಏನು ಯೋಚಿಸುತ್ತ ಕೂತಿದ್ದ, ಯಾರನ್ನು ನೆನೆಸುತ್ತಿದ್ದ, ಯಾಕೆ ಪ್ರತಿಸಲ ಇಳಿಸಿದ? ನಾನು ಕೇಳಲಿಲ್ಲ. ನಳಿಗೆ ಹೊಸದು, ಹಿಡಿ ಬಳಸಿದ್ದು ಎಂದಷ್ಟೇ ಹೇಳಿದೆ. ಅವರ ಸೊಸೆ ಥಟ್ಟನೆ ನನ್ನ ಮುಖ ನೋಡಿದಳು. ಆಕೆಗೆ ಗೊತ್ತಿತ್ತು ಅಂತ ಕಾಣುತ್ತದೆ.

ನಮ್ಮ ಮಾಲಕರೂ ಒಮ್ಮೆ ಚೆನ್ನಾಗಿ ಬಿದ್ದಿದ್ದರು. ಚಿಕ್ಕೋಡಿಯ ಇನಾಮದಾರರೊಬ್ಬರ ಪಿಸ್ತೂಲಿನ ನಳಿಗೆಯಲ್ಲಿ ಇಣುಕಿ, ಒಳಗೆಲ್ಲ ತುಕ್ಕು ಹಿಡಿದು ಹೋಗಿದೆ, ಹಳೇ ಕಬ್ಬಿಣದ ರೇಟು ಎಂದು ಎಲ್ಲರೆದುರು ಘೋಷಣೆ ಮಾಡಿದರು. ನಾನು ಎಣ್ಣೆಬಟ್ಟೆ ಹಾಕಿ ಎಳೆದರೆ ಹಳದಿ ಹಳದಿ ಹಿಟ್ಟು ಬಂತು. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಅದರ ಮೇಲೆ ಮಲ್ಲಯ್ಯನ ಭಂಡಾರ ಚೆಲ್ಲಿ ಪೂಜೆ ಮಾಡಿದ್ದಾರೆ, ಅರಿಷಿಣವೆಲ್ಲ ಎಣ್ಣೆಗೆ ಅಂಟಿ ಗಟ್ಟಿಯಾಗಿದೆ. ಒಳಗೆ ಕನ್ನಡಿಯಂಥ ನಳಿಗೆ. ಮಾಲಕರು ಮೀಸೆ ತಿರುವಿ, ನಾನು ನಿನ್ನ ಪರೀಕ್ಷಾ ಮಾಡಾಕತ್ತಿದ್ದೆ ಎಂದರು. ಇನಾಮದಾರರೂ ನಕ್ಕರು. ಅಂದಿನಿಂದ ಖಂಡೇನವಮಿ ಮುಗಿದ ತಿಂಗಳಲ್ಲಿ ಬಂದ ಮಾಲನ್ನು ಒರೆಸದೆ ಬೆಲೆ ಹೇಳಬಾರದು ಎಂಬುದು ಅಂಗಡಿಯ ಕಾಯಿದೆಯಾಯಿತು.

ಹೇಳಿ ಮಾಡಿಸಿದ ಮಾಲಿನ ಗುಣ ಬೇರೆ, ಬೆಲೆ ಬೇರೆ. ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಗುಣದಲ್ಲಿ ಅದಕ್ಕೆ ಸಾಟಿ ಇರುವುದಿಲ್ಲ. ಆದರೆ ಒಬ್ಬನ ಕೈಗೆ ಎಷ್ಟು ಹೊಂದುತ್ತದೋ ಉಳಿದವರ ಕೈಗೆ ಅಷ್ಟು ಹೊಂದುವುದಿಲ್ಲ. ಬೇರೆಯವರ ಹಲ್ಲಿನ ಸೆಟ್ಟನ್ನು ಯಾರು ಕೊಳ್ಳುತ್ತಾರೆ? ಎರಡು ಸಾವಿರದ ಹತ್ತರ ಆಚೆಗೆ ಎಲ್ಲರ ಕೈಗೂ ಮೊಬೈಲು ಬಂತು, ನನ್ನ ಕೆಲಸ ಇನ್ನೂ ಕೆಟ್ಟಿತು. ಹೊರದೇಶದ ಹರಾಜಿನ ಫೋಟೋ ತೋರಿಸಿ, ಇದಕ್ಕೆ ಅಲ್ಲಿ ಇಷ್ಟು ಲಕ್ಷ, ನೀವು ನಮ್ಮನ್ನು ಮುಳುಗಿಸುತ್ತಿದ್ದೀರಿ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಹಾಗಾದರೆ ಅಲ್ಲಿಗೇ ಒಯ್ಯಿರಿ ಎಂದು ನಾನೂ ಸಿಟ್ಟಾಗುತ್ತಿದ್ದೆ. ಮಾಲಕರು ಚಹಾ ತರಿಸುತ್ತಿದ್ದರು.

ಅದೇ ಹೊತ್ತಿನಲ್ಲಿ ಮಂಗಸೂಳಿ ಹಾದಿಯ ವಾಡೆಯಿಂದ ಫೋನು ಬಂತು.

ಅಂಗಡಿಯ ಫೋನನ್ನು ನಾನೇ ಎತ್ತಿದೆ. ಹೆಂಗಸಿನ ಧ್ವನಿ. ಶಾಂತಾಬಾಯಿ ಎಂದು ಹೆಸರು ಹೇಳಿ, ಬೆಲೆ ನೋಡೋ ಅಣ್ಣಾರು ನೀವೇ ಏನ್ರಿ ಎಂದು ಕೇಳಿದರು. ಅವರ ಯಜಮಾನರು ಹೃದಯ ನಿಂತು ತೀರಿಕೊಂಡಿದ್ದರು, ದಿನಕರ್ಮ ಮುಗಿದಿತ್ತು. ದ್ರಾಕ್ಷಿ ತೋಟ, ಕಬ್ಬು, ಯಾವುದಕ್ಕೂ ಕಡಿಮೆಯಿಲ್ಲದ ಮನೆ. ಮನೆಯಲ್ಲಿ ಒಂದು ಪಿಸ್ತೂಲು ಇದೆ, ಅಂಗಡಿಗೆ ಒಪ್ಪಿಸಲು ಠಾಣೆಯಿಂದ ಪತ್ರವೂ ಆಗಿದೆ. ಒಬ್ಬನೇ ಮಗ ಬಾಳಾಸಾಹೇಬ. ಅವನು ಮೊಬೈಲಿನಲ್ಲಿ ಏನೇನೋ ನೋಡಿ, ಲೈಸೆನ್ಸು ತನ್ನ ಹೆಸರಿಗೆ ಆದ ದಿನ ಅದನ್ನು ಮತ್ತೆ ಮನೆಗೆ ತರುತ್ತೇನೆ, ಇಟ್ಟಷ್ಟೂ ಬೆಲೆ ಏರುತ್ತದೆ ಎಂದು ಹಟ ಹಿಡಿದಿದ್ದಾನೆ. ಆಮೇಲೆ ಆಕೆ ಸುತ್ತು ಬಳಸದೆ ವಿಷಯಕ್ಕೆ ಬಂದರು.

"ಅಣ್ಣಾರ, ಅದರಾಗ ದೋಷ ಐತಿ, ಕಬ್ಬಿಣ ಸೀಳೈತಿ, ಹಿಡಿದವರ ಕೈ ಹೋಗತೈತಿ ಅಂತ ಹೇಳಿಬಿಡ್ರಿ. ನಿಮ್ಮ ಬಾಯಾಗಿಂದ ಬಂದ್ರ ಅಂವ ನಂಬತಾನ."

ಯಾಕೆ ಎಂದು ಕೇಳಿದೆ. ಆಕೆ ಹೇಳಿದ ಕಥೆ ಇದು. ಯಜಮಾನರ ತಂದೆಗೆ ಹರೆಯದಲ್ಲಿ ತೋರುಬೆರಳಿಗೆ ಹಾವು ಕಚ್ಚಿತ್ತು, ಅವರು ಅಲ್ಲೇ ಕುಡುಗೋಲಿನಿಂದ ಬೆರಳು ಕತ್ತರಿಸಿಕೊಂಡು ಬದುಕಿದರು. ಮುಂದೆ ಹಣ ಕೈಗೆ ಬಂದಾಗ ತನ್ನ ಆ ಕೈಯ ಅಳತೆ ಕಳಿಸಿ, ಹೊರದೇಶದಿಂದ ಪಿಸ್ತೂಲು ಮಾಡಿಸಿ ತರಿಸಿಕೊಂಡರು. ಅವರು ಹೋದ ಮೇಲೆ ಅದು ಮಗನ ಹೆಸರಿಗೆ, ಅಂದರೆ ಶಾಂತಾಬಾಯಿಯವರ ಯಜಮಾನರ ಹೆಸರಿಗೆ ಆಯಿತು. ಹೆಸರಿಗಾದ ವರ್ಷವೇ ಅವರ ಬಲಗೈಯ ತೋರುಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಹೋಯಿತು. ಅಲ್ಲಿಯವರೆಗೆ ಪಿಸ್ತೂಲು ಅವರ ಕೈಗೆ ಒಗ್ಗುತ್ತಿರಲಿಲ್ಲ. ಗಾಯ ಮಾಯ್ದ ಮೇಲೆ ಹಿಡಿದು ನೋಡಿದರೆ ಸರಿಯಾಗಿ ಕೂತಿತಂತೆ.

"ಅದು ತನಗ ಬೇಕಾದಂಥ ಕೈ ಮಾಡಿಕೋತೈತ್ರಿ," ಎಂದರು ಶಾಂತಾಬಾಯಿ. "ಇನ್ನ ನನ್ನ ಮಗನ ಪಾಳಿ."

ನಾನು ಜೇಬಿನಲ್ಲಿದ್ದ ಕೈಯನ್ನು ಇನ್ನೂ ಒಳಗೆ ತಳ್ಳಿದೆ. ಫೋನಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂಬುದು ನೆನಪಾಗಲಿಲ್ಲ. ಬಂದು ನೋಡುತ್ತೇನೆ, ಅವತ್ತೇ ಅಂಗಡಿಗೆ ಒಯ್ಯೋಣ ಎಂದಷ್ಟೇ ಹೇಳಿದೆ. ಮಾಲಕರಿಗೆ ತಿಳಿಸಿದಾಗ ಅವರು, ಒಳ್ಳೆ ಮಾಲನ್ನು ಕೆಟ್ಟದ್ದು ಎಂದು ಈ ಅಂಗಡಿಯಿಂದ ಇದುವರೆಗೆ ಹೇಳಿಲ್ಲ, ಆದರೆ ಆ ತಾಯಿಯ ಎದುರು ಕೂಡುವವ ನೀನು, ನಿನಗೆ ಬಿಟ್ಟದ್ದು ಎಂದರು. ಅಥಣಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಸುಳ್ಳು ಹೇಳಿದರೆ ಒಂದು ಜೀವಕ್ಕೆ ನೆಮ್ಮದಿ. ಆದರೆ ಇಂದು ಒಬ್ಬರ ನೆಮ್ಮದಿಗಾಗಿ ಮಾತು ಬದಲಿಸಿದರೆ, ನಾಳೆ ನನ್ನ ಮಾತಿಗೆ ಏನು ಬೆಲೆ? ಬಸ್ಸಿಳಿದಾಗಲೂ ಏನು ಹೇಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ವಾಡೆಯ ಒಳಗೆ ಮಾತ್ರ ತಂಪು, ಭಂಡಾರದ ಮತ್ತು ಒಣದ್ರಾಕ್ಷಿಯ ವಾಸನೆ. ಗೋಡೆಯ ಮೇಲೆ ಅಜ್ಜನ ಫೋಟೋ, ಅದರ ಪಕ್ಕಕ್ಕೆ ಹೊಸದಾಗಿ ಹಾರ ಹಾಕಿದ ಯಜಮಾನರ ಫೋಟೋ. ಇಬ್ಬರೂ ಬಲಗೈಯನ್ನು ಕೋಲಿನ ಮೇಲೆ ಊರಿ ಕೂತಿದ್ದಾರೆ. ಇಬ್ಬರ ಕೈಯಲ್ಲೂ ಅದೇ ಒಂದು ಸಂದು. ಫೋಟೋ ತೆಗೆದವನು ಒಬ್ಬನನ್ನೇ ಎರಡು ಸಲ ಕೂರಿಸಿ ತೆಗೆದಂತಿತ್ತು. ನಾನು ಕೈ ಜೇಬಿನಲ್ಲೇ ಇಟ್ಟು ಎಡಗೈಯಿಂದ ನೀರು ಕುಡಿದೆ. ದೊಡ್ಡ ಮನೆಯಲ್ಲಿ ಎಡಗೈಯಿಂದ ನೀರು ಕುಡಿಯುವವನನ್ನು ನೋಡಿ ಆಳು ಮುಖ ಸಿಂಡರಿಸಿದ.

ಬಾಳಾಸಾಹೇಬ ಮೂವತ್ತರ ಆಸುಪಾಸಿನವ, ನಗುಮುಖದವ, ಕೆಟ್ಟವನಲ್ಲ. ಕಾಕಾ ಎಂದು ಕರೆದು ಹತ್ತಿರ ಕೂರಿಸಿಕೊಂಡ. ಮೊಬೈಲು ತೆಗೆದು ಅದೇ ಹರಾಜಿನ ಫೋಟೋ ತೋರಿಸಿದ. ಶಾಂತಾಬಾಯಿ ಒಳಬಾಗಿಲ ಹತ್ತಿರ, ಸೆರಗು ಹೊದ್ದು ನಿಂತಿದ್ದರು. ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಆಳು ದೇವರ ಕೋಣೆಯಿಂದ ಪೆಟ್ಟಿಗೆ ತಂದಿಟ್ಟ. ಮುಚ್ಚಳದ ಮೇಲೆ ಆಗತಾನೇ ಹಚ್ಚಿದ ಕುಂಕುಮ ಇನ್ನೂ ಹಸಿಯಿತ್ತು.

ನಾನು ಕೈ ಹಾಕುವ ಮೊದಲೇ ಬಾಳಾಸಾಹೇಬ ಪೆಟ್ಟಿಗೆ ತೆರೆದು ಪಿಸ್ತೂಲು ಎತ್ತಿದ. ಒಂಟಿ ನಳಿಗೆಯದು, ನಡುವೆ ಚಿಲಕ ಒತ್ತಿದರೆ ಬಾಗಿ ತೆರೆದುಕೊಳ್ಳುವಂಥದ್ದು. ನೋಡಿದೊಡನೆ ತಿಳಿಯಿತು, ಒಳ್ಳೆಯ ಕೈಯ ಕೆಲಸ. ಅವನು ಅವ್ವನ ಕಡೆ ತಿರುಗಿ ನಕ್ಕ. ಅವ್ವನ ಹೆದರಿಕೆ ಇವತ್ತಿಗೆ ಬಿಡಿಸುತ್ತೇನೆ, ಕಾಕಾ ಸಾಕ್ಷಿ ಎಂದ. ಕುದುರೆಯನ್ನು ಹಿಂದಕ್ಕೆ ಎಳೆದ. ಒಂದೇ ಸ್ವರ. ಎಡಗೈಯ ತೋರುಬೆರಳನ್ನು ನಳಿಗೆಯ ಬಾಯಿಗೆ ಅಡ್ಡ ಹಿಡಿದ.

"ನೋಡವ್ವಾ," ಎಂದ. "ಬೆರಳ ತಗೊಂತೈತೇನ ನೋಡು."

ಸಾಹೇಬ್ರ, ಮೊದಲು ನನ್ನ ಕೈಯಲ್ಲಿ ಕೊಡಿ ಎಂದೆ. ಖಾಲಿ ಐತ್ರಿ ಕಾಕಾ, ದಿನಾ ಒತ್ತತೀನಿ ಎಂದ. ನಾನು ಎದ್ದೆ. ಜೇಬಿನಿಂದ ನನ್ನ ಬಲಗೈ ಹೊರಗೆ ಬಂತು, ಪಿಸ್ತೂಲಿನ ಕಡೆ ಚಾಚಿತು.

ಅವನು ನನ್ನ ಕೈ ನೋಡಿದ. ನಗು ಹಾಗೇ ನಿಂತುಹೋಯಿತು. ಮುಖದ ಬಣ್ಣ ಇಳಿಯಿತು. ಅಪ್ಪ ಕೇಳಿದಾಗ ಮಗ ಕೊಡುವಂತೆ ಎರಡೂ ಕೈಯಿಂದ ಪಿಸ್ತೂಲನ್ನು ನನ್ನ ಅಂಗೈಯಲ್ಲಿ ಇಟ್ಟುಬಿಟ್ಟ. ಅಪ್ಪನ ಕೈ ಬಂತು ಅಂತ ತಿಳಿದೆ ಕಾಕಾ ಎಂದು ಆಮೇಲೆ ಹೇಳಿದ.

ಈಗ ಬರೆಯುವುದನ್ನು ನಾನು ಮಾಲಕರಿಗೂ ಪೂರ್ತಿ ಹೇಳಿಲ್ಲ. ಆ ಹಿಡಿ ನನ್ನ ಕೈಯೊಳಗೆ ಕೂತಿತು. ಕೂತಿತು ಎಂದರೆ, ಎಷ್ಟೋ ವರ್ಷ ಕಾದಿದ್ದಂತೆ ಕೂತಿತು. ತೋರುಬೆರಳಿನ ಗಂಟು ಇರುವಲ್ಲಿ ಕಟ್ಟಿಗೆಯಲ್ಲಿ ಒಂದು ಪುಟ್ಟ ಗುಳಿ ಕಡೆದಿದ್ದರು. ನನ್ನ ಗಂಟು ಅದರೊಳಗೆ ಹೋಗಿ ನಿಂತಿತು. ಟ್ರಿಗರು ಕೆಳಗೆ, ನಡುಬೆರಳಿಗೆ ಸಿಗುವ ಕಡೆ ಇತ್ತು. ಜೀವಮಾನವಿಡೀ ಕುಂಟುತ್ತಿದ್ದ ನನ್ನ ಕೈ ಮೊದಲ ಸಲ ಇಡೀ ಕೈ ಅನಿಸಿತು. ಸಂತೋಷದಿಂದ ನನ್ನ ಕಣ್ಣು ತುಂಬಿ ಬಂದವು. ಮಾಲಕರು ಹೇಳಿದ್ದ ಆಸೆ ಎಂದರೆ ಏನು ಎಂದು ಅವತ್ತು ತಿಳಿಯಿತು. ಅಷ್ಟರಲ್ಲಿ ನೋಡುತ್ತೇನೆ, ನಡುಬೆರಳು ಟ್ರಿಗರಿನ ಮೇಲೆ ಹೋಗಿ ಕೂತಿದೆ. ನಾನು ಕಳಿಸಿರಲಿಲ್ಲ. ಕುದುರೆ ಇನ್ನೂ ಹಿಂದಕ್ಕೇ ಇತ್ತು. ಒತ್ತು, ಹೇಗೆ ಬರುತ್ತದೆ ನೋಡು ಅನಿಸಿತು. ಯಾರೋ ಹೇಳಿದಂತಲ್ಲ, ನನ್ನದೇ ಮನಸ್ಸಿನ ಮಾತಿನಂತೆ ಅನಿಸಿತು. ಅದೇ ಹೆದರಿಕೆ.

ನನ್ನನ್ನು ಉಳಿಸಿದ್ದು ಬುದ್ಧಿಯಲ್ಲ, ರೂಢಿ. ಹೆಬ್ಬೆರಳು ಕುದುರೆಯನ್ನು ಹಿಡಿದು ಇಳಿಸಿತು, ಎಡಗೈ ಚಿಲಕ ಒತ್ತಿತು. ನಳಿಗೆ ಬಾಗಿತು. ಒಳಗಿಂದ ಒಂದು ಕಾಡತೂಸು ಜಾರಿ ನನ್ನ ಎಡಗೈಯಲ್ಲಿ ಬಿತ್ತು. ಅದರ ಹಿಂಬದಿಗೆ ಅರಿಷಿಣ ಹಚ್ಚಿತ್ತು, ನಡುವೆ ಕುಂಕುಮದ ಬೊಟ್ಟು.

ಬಾಳಾಸಾಹೇಬ ತನ್ನ ಎಡಗೈಯ ತೋರುಬೆರಳನ್ನು ಬಲಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದ. ಒಳಬಾಗಿಲ ಹತ್ತಿರ ಶಾಂತಾಬಾಯಿ ನೆಲಕ್ಕೆ ಕುಸಿದರು.

"ನಾನ ಇಟ್ಟೀನ್ರಿ," ಎಂದರು. "ಮನಿ ಬಿಟ್ಟು ಹೋಗೂ ವಸ್ತು ಬರಿದ ಹೋಗಬಾರದಂತ, ನೀವು ಬರೂ ಮುಂಚೆ ಪೂಜಾ ಮಾಡಿ ಒಂದು ಇಟ್ಟೆ. ನಿಮಗಿಂತ ಮೊದಲ ಅಂವ ಮುಟ್ಟತಾನಂತ ನನಗ ಹೊಳೀಲಿಲ್ರಿ ಅಣ್ಣಾರ."

ಯಜಮಾನರು ಕಾಡತೂಸು ತುಂಬುವುದನ್ನು ಆಕೆ ಎಷ್ಟೋ ಸಲ ನೋಡಿದ್ದರು. ಅವರ ಕಪಾಟಿನಲ್ಲಿ ಉಳಿದಿದ್ದರಲ್ಲಿ ಒಂದನ್ನು ತೆಗೆದು, ಡಬ್ಬಿಯಲ್ಲಿ ಬೆಲ್ಲ ಇಡುವ ಹಾಗೆ ಇಟ್ಟಿದ್ದರು. ಈ ಪಿಸ್ತೂಲು ಮತ್ತೆ ಈ ಮನೆಗೆ ಬರಬಾರದು, ಸಿಟ್ಟಿನಿಂದ ಹೋಗಬಾರದು, ಮರ್ಯಾದೆಯಿಂದ ಹೋಗಲಿ ಎಂದು. ಮಗನ ಬೆರಳು ಉಳಿಸಲು ಮಾಡಿದ ಪೂಜೆ ಆ ಬೆರಳಿನಿಂದ ಒಂದು ಟ್ರಿಗರಿನಷ್ಟೇ ದೂರ ಇತ್ತು. ಪಿಸ್ತೂಲು, ಕಾಡತೂಸು ಎರಡನ್ನೂ ಬೇರೆ ಬೇರೆಯಾಗಿ ಮೇಜಿನ ಮೇಲಿಟ್ಟೆ. ಕೂತುಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಶಾಂತಾಬಾಯಿ ಎದ್ದು ಹತ್ತಿರ ಬಂದರು. ನನ್ನ ಕೈ ಇನ್ನೂ ಮೇಜಿನ ಮೇಲಿತ್ತು, ಜೇಬಿನ ನೆನಪೇ ಇರಲಿಲ್ಲ. ಆಕೆ ಅದನ್ನು ನೋಡಿದರು. ಗೋಡೆಯ ಮೇಲಿನ ಎರಡು ಫೋಟೋ ನೋಡಿದರು. ಮತ್ತೆ ನನ್ನ ಕೈ ನೋಡಿದರು. ಇದು ಯಾವಾಗ ಹೋಯಿತು ಎಂದು ಕೇಳಿದರು. ಚಿಕ್ಕವನಿದ್ದಾಗ, ಗಾಣದಲ್ಲಿ, ಈ ಪಿಸ್ತೂಲಿನ ಹೆಸರೂ ಕೇಳುವ ಮೊದಲು ಎಂದೆ. ಆಕೆ ಆ ಮಾತನ್ನು ಕಿವಿಗೆ ಹಾಕಿಕೊಂಡರೋ ಇಲ್ಲವೋ.

"ಮೂರನೇದು ನಿಮ್ಮದ ರೀ ಅಣ್ಣಾರ," ಎಂದರು. "ಮುಗೀತು. ನನ್ನ ಮಗಾ ಉಳದ."

ಹೀಗೆಂದು ಬಗ್ಗಿ ನನ್ನ ಆ ಗಂಟಿಗೆ ಭಂಡಾರ ಹಚ್ಚಿದರು. ಹುಟ್ಟಿದ ಊರಿನಲ್ಲಿ, ಶಾಲೆಯಲ್ಲಿ, ಬೀಗರ ಮನೆಯಲ್ಲಿ, ಎಲ್ಲಿಯೂ ಯಾರೂ ಅದನ್ನು ಮುಟ್ಟಿರಲಿಲ್ಲ. ಒಂದು ಕಡೆ, ಕಾಣದ ಯಾರದೋ ಲೆಕ್ಕದಲ್ಲಿ ನನ್ನ ಬೆರಳು ಅಷ್ಟು ಹಿಂದೆಯೇ ಜಮಾ ಆಗಿತ್ತೇ ಎಂಬ ಭಯ. ಇನ್ನೊಂದು ಕಡೆ, ಹೋದದ್ದು ಯಾರಿಗಾದರೂ ಉಪಯೋಗಕ್ಕೆ ಬಂತಲ್ಲ ಎಂಬ ಸಮಾಧಾನ. ಎರಡೂ ಒಟ್ಟಿಗೆ ಇದ್ದವು, ಇಂದಿಗೂ ಇವೆ.

ಬೆಲೆ? ಯಾರೂ ಕೇಳಲಿಲ್ಲ. ಆದರೂ ಹೇಳುವುದು ನನ್ನ ಕೆಲಸ ಎಂದು ಹೇಳಿದೆ. ಮಾಲಿನಲ್ಲಿ ಒಂದು ದೋಷವೂ ಇಲ್ಲ, ಇಂಥ ಕೆಲಸ ನಾನು ನೋಡಿಲ್ಲ, ಆದರೆ ಕೊಳ್ಳುವ ಕೈ ಸಿಗುವುದಿಲ್ಲ ಎಂದೆ. ಬಾಳಾಸಾಹೇಬ ತಲೆಯಾಡಿಸಿದ, ಮೊಬೈಲು ಮುಟ್ಟಲಿಲ್ಲ. ಆಕೆ ಬೇಡಿಕೊಂಡಿದ್ದ ಸುಳ್ಳನ್ನು ಹೇಳುವ ಸಂದರ್ಭವೇ ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೇ ಎಂದು ನೀವು ಕೇಳಿದರೆ, ಹೇಳುತ್ತಿದ್ದೆ ಅಂತ ಈಗ ಅನಿಸುತ್ತದೆ. ಹೊರಡುವಾಗ ಶಾಂತಾಬಾಯಿ ಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕು ಒಣದ್ರಾಕ್ಷಿ ಇಟ್ಟರು. ಬರಿದು ಕಳಿಸಲು ಆಕೆಗೆ ಆಗಲೂ ಮನಸ್ಸು ಬರಲಿಲ್ಲ. ಪತ್ರ ಹಿಡಿದು ಬಾಳಾಸಾಹೇಬನೇ ತನ್ನ ಗಾಡಿಯಲ್ಲಿ ಅದನ್ನೂ ನನ್ನನ್ನೂ ನಿಪ್ಪಾಣಿಗೆ ತಂದು ಬಿಟ್ಟ. ದಾರಿಯಲ್ಲಿ ಆಗಾಗ ಗಾಡಿಯ ಸ್ಟೇರಿಂಗು ಹಿಡಿದ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಪಿಸ್ತೂಲು ನಮ್ಮ ಕೋಣೆಯಲ್ಲಿ ಕೆಲಕಾಲ ಇತ್ತು. ಎಣ್ಣೆ ಹಾಕುವಾಗ ಹಿಡಿಯಬೇಕಲ್ಲ, ಹಿಡಿದಾಗಲೆಲ್ಲ ಅದೇ ಸುಖ, ನಡುಬೆರಳಿನದು ಅದೇ ಚಪಲ. ಮೂರನೆಯ ಸಲಕ್ಕೆ ಮಾಲಕರಿಗೆ ಹೇಳಿ ಆ ಕೆಲಸ ಬಿಡಿಸಿಕೊಂಡೆ. ಅವರು ಯಾಕೆ ಎಂದು ಕೇಳಲಿಲ್ಲ. ನನ್ನ ಕೈ ನೋಡಿ, ಚಹಾ ತರಿಸಿದರು. ಮುಂದೆ ವಾಡೆಯವರು ಅದನ್ನು ಸರಕಾರಕ್ಕೆ ಒಪ್ಪಿಸಿದರು. ಅದನ್ನು ಒಯ್ಯುವ ಸರಕಾರಿ ಜೀಪು ಹೊರಟ ದಿನ ನನಗೆ ನಿರಾಳವೂ ಆಯಿತು, ಒಳಗೆ ಏನೋ ಕಿತ್ತುಹೋದಂತೆಯೂ ಆಯಿತು. ಅಂದು ಊಟ ಸೇರಲಿಲ್ಲ.

ಇಷ್ಟು ಬರೆದದ್ದು ನಿಮಗೆ ಒಂದು ಮಾತು ಹೇಳಲು. ಹೇಳಿ ಮಾಡಿಸಿದ ಪಿಸ್ತೂಲು ಬಂದಾಗ ಅದು ನಿಮ್ಮ ಕೈಗೆ ಹೊಂದದಿದ್ದರೆ ನಿಶ್ಚಿಂತೆಯಿಂದ ಬೆಲೆ ಹೇಳಿ. ಎಂದಾದರೂ ಒಂದು ಪೂರ್ತಿ ಹೊಂದಿಬಿಟ್ಟರೆ, ಮೇಜಿನ ಮೇಲಿಟ್ಟು ಬೇರೆಯವರನ್ನು ಕರೆಯಿರಿ. ಆ ದಿನ ಬೆಲೆ ಕಟ್ಟುವ ಯೋಗ್ಯತೆ ನಿಮಗಿರುವುದಿಲ್ಲ. ಮತ್ತೆ, ಎಲ್ಲಕ್ಕೂ ಮೊದಲು ತೆರೆದು ನೋಡಿ. ಪ್ರೀತಿಯಿಂದ ತುಂಬಿದ್ದೂ ತುಂಬಿದ್ದೇ.

ನಾನು ಕೆಲಸ ಬಿಟ್ಟು ಹಾರೂಗೇರಿಗೆ ಬಂದು ನೆಲೆಸಿದ ಮೇಲೆ ವಾಡೆಯಿಂದ ಕರೆ ಬಂತು. ಬಾಳಾಸಾಹೇಬನಿಗೆ ಗಂಡುಮಗು, ತೊಟ್ಟಿಲ ಕಾರ್ಯ. ಹೆಂಡತಿಯನ್ನು ಕರೆದುಕೊಂಡು ಹೋದೆ. ಮನೆ ತುಂಬ ಜನ. ಶಾಂತಾಬಾಯಿಗೆ ವಯಸ್ಸಾಗಿತ್ತು, ಆದರೂ ದೂರದಿಂದಲೇ ಗುರುತು ಹಿಡಿದು, ಸೋದರಮಾವನನ್ನು ಕೂರಿಸುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದರು. ಮಗುವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು. ನಾನು ಎಡಗೈಯಿಂದ ಹಿಡಿಯಲು ಹೋದೆ.

"ಅದಲ್ರಿ ಅಣ್ಣಾರ," ಎಂದರು. "ಆ ಕೈ ಕೊಡ್ರಿ."

ಅಷ್ಟು ಜನರ ಮುಂದೆ ಬಲಗೈಯನ್ನು ಜೇಬಿನಿಂದ ತೆಗೆದೆ. ಮಗು ಅತ್ತಿತ್ತ ತಡಕಾಡಿ, ಬೆರಳುಗಳನ್ನೆಲ್ಲ ಬಿಟ್ಟು, ಆ ಗಂಟನ್ನು ಹುಡುಕಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿತು. ಅಷ್ಟು ಸಣ್ಣ ಕೈಗೆ ಎಂಥ ಬಿಗಿ. ಈ ಗಂಟು ಆ ಹಿಡಿಯ ಗುಳಿಯಲ್ಲಿ ಹೋಗಿ ಕೂತದ್ದು ನೆನಪಾಯಿತು. ತಲೆಯೆತ್ತಿದರೆ ಶಾಂತಾಬಾಯಿಯೂ ಉಸಿರು ಹಿಡಿದು ಅದೇ ಮುಷ್ಟಿಯನ್ನು ನೋಡುತ್ತಿದ್ದಾರೆ. ನಾನು ಮೆಲ್ಲಗೆ ಆ ಮುಷ್ಟಿಯನ್ನು ಬಿಡಿಸಿ, ಒಂದೊಂದಾಗಿ ಬೆರಳು ತೆರೆದು ಆಕೆಗೆ ತೋರಿಸಿದೆ.

ಐದೂ ಇದ್ದವು.